ನೀಲಿ ಬಟ್ಟೆಯ ಸಂತೆಯೂರು

ಇಂಗ್ಲೆಂಡಿನ ಪೂರ್ವಭಾಗದ ಸಫೊಕ್ ಪ್ರಾಂತದಲ್ಲಿ, ಗೋಧಿ ಬಾರ್ಲಿಗಳ ಹೊಲಗಳು ಮೆಲ್ಲನೆ ಏರಿ ಮೆಲ್ಲನೆ ಇಳಿಯುವ ಬಯಲಿನ ನಡುವೆ, ಲ್ಯಾವನಮ್ ಎಂಬ ಸಣ್ಣದೊಂದು ಊರಿದೆ. ಅಲ್ಲಿ ವಾಸಿಸುವವರು ಸುಮಾರು 1,700 ಮಂದಿ. ಜನರ ಮಾತಿನಲ್ಲಿ ಅದು ಹಳ್ಳಿ, ಅದರ ಆಡಳಿತ ನಡೆಸುವುದು ನಮ್ಮ ಗ್ರಾಮಪಂಚಾಯಿತಿಯನ್ನು ಹೋಲುವ ಒಂದು ಸಣ್ಣ ಸಭೆ. ಆದರೆ ದೂರದ ಹೊಲಗಳ ಅಂಚಿನಿಂದ ಆ ಹಳ್ಳಿಯತ್ತ ಬರುವವನ ಕಣ್ಣಿಗೆ ಮೊದಲು ಬೀಳತಕ್ಕದ್ದು 141 ಅಡಿ ಎತ್ತರದ ಚಕಮಕಿ ಕಲ್ಲಿನ ಒಂದು ಚರ್ಚಿನ ಗೋಪುರ. ದೊಡ್ಡದೊಂದು ಪಟ್ಟಣದ ನಡುವೆ ನಿಂತಿದ್ದರೂ ಎತ್ತರ ಹೆಚ್ಚಾಯಿತೆಂದು ಯಾರೂ ಹೇಳಲಾರದ ಆ ಗೋಪುರ, ಅಂಗೈಯಗಲದ ಊರೊಂದರ ತುದಿಯಲ್ಲಿ ಏಕೆ ನಿಂತಿದೆಯೆಂಬ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ಒಳಗೆ ನಡೆದವನಿಗೆ ಇನ್ನೂ ಅನೇಕ ಪ್ರಶ್ನೆಗಳು ಎದುರಾಗುತ್ತವೆ. ಬೀದಿಯ ಎರಡು ಕಡೆಗಳಲ್ಲಿಯೂ ಐದುನೂರು ವರ್ಷಗಳ ಹಿಂದಿನ ಮರದ ಮನೆಗಳು, ಸಂತೆ ಮುಗಿಸಿ ದಣಿದು ಬಂದ ಮುದುಕರು ಒಬ್ಬರ ಹೆಗಲಿಗೆ ಒಬ್ಬರು ಒರಗಿ ನಿಂತಂತೆ, ಸೊಟ್ಟಸೊಟ್ಟಾಗಿ ವಾಲಿಕೊಂಡು ನಿಂತಿವೆ. ಒಂದರ ಬಾಗಿಲು ಎಡಕ್ಕೆ ಜರುಗಿದ್ದರೆ ಮತ್ತೊಂದರ ಮಾಳಿಗೆ ಬೀದಿಯ ಮೇಲಕ್ಕೆ ಬಾಗಿದೆ. ರಾಷ್ಟ್ರೀಯ ಮಹತ್ತ್ವವುಳ್ಳವೆಂದು ಪಟ್ಟಿಮಾಡಿ ರಕ್ಷಿಸಲಾಗಿರುವ ಕಟ್ಟಡಗಳು ಈ ಒಂದೇ ಹಳ್ಳಿಯಲ್ಲಿ ಮುನ್ನೂರಕ್ಕೂ ಹೆಚ್ಚು.

ಇಷ್ಟೊಂದು ಹಳೆಯ ಮನೆಗಳು ಒಂದೇ ಕಡೆ ಉಳಿದುದಕ್ಕೆ ಊರಿನವರ ಪುರಾತನಪ್ರೇಮ ಕಾರಣವೆಂದು ಪ್ರವಾಸಿ ಭಾವಿಸಿದರೆ ತಪ್ಪೇನೂ ಇಲ್ಲ. ಆದರೆ ಆ ಪ್ರೇಮ ಇತ್ತೀಚಿನದು. ಈ ಊರನ್ನು ಕಟ್ಟಿದ್ದು ಸಿರಿತನ, ಕಾದಿಟ್ಟದ್ದು ಬಡತನ. ಆ ಎರಡರ ಕಥೆಯೇ ಲ್ಯಾವನಮಿನ ಕಥೆ.

ಸಂತೆಯೆಂದರೆ ಸುತ್ತಮುತ್ತಲಿನ ಜನ ತಾವಾಗಿಯೇ ಕೂಡಿ ಕೊಂಡು ಮಾರುವ ಸ್ಥಳವೆಂದು ನಾವು ತಿಳಿಯುವುದು ಸಹಜ. ಮಧ್ಯಯುಗದ ಇಂಗ್ಲೆಂಡಿನಲ್ಲಾದರೋ ಸಂತೆ ನೆರೆಸುವುದು ರಾಜನು ಒಬ್ಬ ಪ್ರಭುವಿಗೆ ಸನ್ನದಿನ ಮೂಲಕ ದಯಪಾಲಿಸತಕ್ಕ ಒಂದು ಹಕ್ಕಾಗಿದ್ದಿತು. ಹಕ್ಕು ಪಡೆದ ಪ್ರಭು ಅಂಗಡಿ ಹೂಡುವವರಿಂದ ಸುಂಕವೆತ್ತುತ್ತಿದ್ದನು, ತೂಕ ಅಳತೆಗಳ ಮೋಸವನ್ನು ವಿಚಾರಿಸುತ್ತಿದ್ದನು, ತಪ್ಪಿದವರಿಂದ ದಂಡ ವಸೂಲು ಮಾಡುತ್ತಿದ್ದನು. ಒಂದು ಸಂತೆ ಇನ್ನೊಂದು ಸಂತೆಯ ಹೊಟ್ಟೆಯ ಮೇಲೆ ಹೊಡೆಯಬಾರದೆಂದು ನ್ಯಾಯಶಾಸ್ತ್ರಜ್ಞರು ಒಂದು ಲೆಕ್ಕವನ್ನೂ ಹಾಕಿಟ್ಟಿದ್ದರು. ಹದಿಮೂರನೆಯ ಶತಮಾನದ ಬ್ರ್ಯಾಕ್ಟನ್ನನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಆ ಲೆಕ್ಕದ ಪ್ರಕಾರ, ಒಬ್ಬ ಮನುಷ್ಯ ದಿನಕ್ಕೆ ಇಪ್ಪತ್ತು ಮೈಲಿ ನಡೆಯಬಲ್ಲನಾದರೆ, ದಿನದ ಒಂದು ಪಾಲು ಸಂತೆಗೆ ಹೋಗುವುದಕ್ಕೆ, ಒಂದು ಪಾಲು ಕೊಳ್ಳುವುದಕ್ಕೆ ಮಾರುವುದಕ್ಕೆ, ಉಳಿದ ಪಾಲು ಕತ್ತಲೆಯಾಗುವ ಮುನ್ನ ಕ್ಷೇಮವಾಗಿ ಮನೆ ಸೇರುವುದಕ್ಕೆ ಸಲ್ಲಬೇಕು. ಆದ್ದರಿಂದ ಇಪ್ಪತ್ತು ಮೈಲಿಯ ಮೂರನೆಯ ಒಂದು ಪಾಲಿಗಿಂತ, ಎಂದರೆ ಆರೂಮುಕ್ಕಾಲಿಗೆ ಸ್ವಲ್ಪ ಕಡಿಮೆಯಾದ ಮೈಲಿಗಳಿಗಿಂತ, ಹತ್ತಿರದಲ್ಲಿ ಎದ್ದ ಹೊಸ ಸಂತೆ ಹಳೆಯದಕ್ಕೆ ಉಪದ್ರವವೆಂದು ಎಣಿಸಲ್ಪಡುತ್ತಿತ್ತು. ಇಂಗ್ಲೆಂಡಿನ ನಕ್ಷೆಯಲ್ಲಿ ಸಂತೆಯೂರುಗಳು ಹೆಚ್ಚು ಕಡಿಮೆ ಸಮಾನ ಅಂತರಗಳಲ್ಲಿ ಹರಡಿಕೊಂಡಿರುವುದರ ಹಿಂದೆ, ಹೊರೆ ಹೊತ್ತು ನಡೆಯುವ ಬಡ ರೈತನ ಕಾಲುಗಳ ಶಕ್ತಿಯೇ ಅಡಗಿದೆ.

ಲ್ಯಾವನಮಿನ ಪ್ರಭುಗಳು ಡಿ ವೇರ್ ಮನೆತನದವರು. ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ 1086ರಲ್ಲಿ ತಯಾರಾದ ಡೂಮ್ಸ್‌ಡೇ ಎಂಬ ಮಹಾ ಲೆಕ್ಕಪುಸ್ತಕದ ಕಾಲಕ್ಕಾಗಲೇ ಆಬ್ರಿ ಡಿ ವೇರ್ ಎಂಬವನು ಈ ಊರಿನ ಒಡೆಯನಾಗಿದ್ದನು. ಅವನ ವಂಶಸ್ಥರು ಮುಂದೆ ಆಕ್ಸ್‌ಫರ್ಡಿನ ಅರ್ಲ್ ಎಂಬ ಪದವಿಯನ್ನು ಪಡೆದರು. ಮೂರನೆಯ ಹೆನ್ರಿ ದೊರೆಯಿಂದ 1257ರಲ್ಲಿ ಮಂಗಳವಾರದ ಸಂತೆಗೆ ಸನ್ನದು ಬಂದಿತು. ಊರಿನ ನೆತ್ತಿಯ ಮೇಲಿರುವ ವಿಶಾಲವಾದ ಚೌಕ ಇಂದಿಗೂ ಸಂತೆಯ ಚೌಕವೆಂದೇ ಕರೆಯಲ್ಪಡುತ್ತದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಬಟ್ಟೆಯ ವರ್ತಕನೊಬ್ಬನು ತನ್ನ ಉಯಿಲಿನಲ್ಲಿ ಬಿಟ್ಟುಹೋದ ಹಣದಿಂದ ಅಲ್ಲಿ ನೆಟ್ಟ ಕಲ್ಲಿನ ಶಿಲುಬೆಯ ಕಂಬ, ಸವೆದ ಮೆಟ್ಟಿಲುಗಳ ಮೇಲೆ ಈಗಲೂ ನಿಂತಿದೆ.

ಬೆಣ್ಣೆ, ಮೊಟ್ಟೆ, ಧಾನ್ಯಗಳ ಸಂತೆಯಿಂದ ಒಂದು ಊರು ಹೊಟ್ಟೆ ಹೊರೆಯಬಹುದೇ ಹೊರತು ನೂರ ನಾಲ್ವತ್ತೊಂದು ಅಡಿಯ ಗೋಪುರವನ್ನು ಎಬ್ಬಿಸಲಾರದು. ಲ್ಯಾವನಮಿಗೆ ಹೊನ್ನು ತಂದದ್ದು ಬಟ್ಟೆ. ಅದರಲ್ಲಿಯೂ ‘ಲ್ಯಾವನಮ್ ನೀಲಿ’ ಎಂದು ಹೆಸರಾಗಿ ರಷ್ಯದವರೆಗೂ ರಫ್ತಾಗುತ್ತಿದ್ದ, ಅಗಲವಾದ, ದಪ್ಪನೆಯ ಉಣ್ಣೆಯ ಬಟ್ಟೆ. ಆ ಬಟ್ಟೆ ತಯಾರಾಗುತ್ತಿದ್ದ ಕ್ರಮವನ್ನು ಸ್ವಲ್ಪ ಹತ್ತಿರ ನಿಂತು ನೋಡುವುದು ಉಚಿತ. ಏಕೆಂದರೆ ಆ ಕಾಲದಲ್ಲಿ ಇಲ್ಲಿಯ ಮಕ್ಕಳು, ಹೆಂಗಸರು, ಮುದುಕರು ಯಾರೊಬ್ಬರೂ ಅದರ ಒಂದಲ್ಲ ಒಂದು ಹಂತಕ್ಕೆ ಕೈಯಿಡದೆ ಉಳಿದಿರಲಾರರು.

ಮೊದಲು ಉಣ್ಣೆಯನ್ನು ತೊಳೆದು, ನೂಲುವುದಕ್ಕೂ ಮೊದಲೇ ಅದಕ್ಕೆ ಬಣ್ಣ ಕಟ್ಟುತ್ತಿದ್ದರು. ಹೀಗೆ ಎಳೆಯಲ್ಲಿಯೇ ಹೊಕ್ಕ ಬಣ್ಣ ಬಿಸಿಲಿಗೆ ಮಾಸದು, ನೀರಿಗೆ ಬಿಡದು. ಯಾವ ವಾದಕ್ಕೂ ತನ್ನ ಮತವನ್ನು ಬಿಡದ ಮನುಷ್ಯನನ್ನು ಉಣ್ಣೆಯಲ್ಲಿಯೇ ಬಣ್ಣವೇರಿದವನೆಂದು ಇಂಗ್ಲಿಷರು ಇಂದಿಗೂ ಹೇಳುವುದು ಈ ಕಸುಬಿನಿಂದಲೇ ಬಂದ ಮಾತು. ನೀಲಿಯ ಮೂಲ ವೋಡ್ ಎಂಬ ಗಿಡದ ಎಲೆ. ಎಲೆಗಳನ್ನು ಅರೆದು, ಉಂಡೆ ಕಟ್ಟಿ, ಒಣಗಿಸಿ, ಮತ್ತೆ ನೀರು ಹಾಕಿ ಕೊಳೆಸಿ, ಬೂದಿಯ ಕ್ಷಾರ ಬೆರೆಸಿ ಹದಕ್ಕೆ ತರುವ ಆ ಕೆಲಸದ ದುರ್ವಾಸನೆ ಎಷ್ಟೆಂದರೆ, ಬಣ್ಣಗಾರರ ಮನೆಗಳಿರುವ ಬೀದಿಯನ್ನು ಹುಡುಕುವುದಕ್ಕೆ ಕಣ್ಣಿನ ಅಗತ್ಯವೇ ಇರಲಿಲ್ಲ. ಬಾನಿಯಲ್ಲಿ ಅದ್ದಿ ಎತ್ತಿದ ಉಣ್ಣೆ ಮೊದಲು ಹಳದಿ ಮಿಶ್ರಿತ ಹಸಿರಾಗಿ ಕಾಣುತ್ತದೆ. ಗಾಳಿ ಸೋಕಿದೊಡನೆ ನೋಡನೋಡುತ್ತಿದ್ದಂತೆಯೇ ನೀಲಿಗೆ ತಿರುಗುತ್ತದೆ. ನಮ್ಮ ದೇಶದ ನೀಲಿಗಿಡದಲ್ಲಿರುವ ವರ್ಣದ್ರವ್ಯವೂ ವೋಡ್ ಎಲೆಯಲ್ಲಿರುವುದೂ ಒಂದೇ. ನಮ್ಮ ಗಿಡದಲ್ಲಿ ಅದು ಹೆಚ್ಚು ಸಾಂದ್ರ. ಯುರೋಪಿನವರು ಅದಕ್ಕೆ ಭಾರತದ ಹೆಸರನ್ನೇ ಇಟ್ಟು ‘ಇಂಡಿಗೋ’ ಎಂದು ಕರೆದು ಹಡಗುಗಳಲ್ಲಿ ಹೇರಿಕೊಂಡು ಹೋಗತೊಡಗಿದ ಮೇಲೆ, ವೋಡ್ ಬೆಳೆಯುವವರ ಬಾಳು ಕ್ರಮೇಣ ಕಷ್ಟಕ್ಕೆ ಬಂದಿತು. ಬಣ್ಣದ ಕೆಲಸಕ್ಕೆ ಬೇಕಾದ ಹೊಳೆಯ ನೀರನ್ನು ಲ್ಯಾವನಮಿನವರು ಇಟ್ಟಿಗೆಯ ಕಾಲುವೆ ಕಟ್ಟಿ ಮನೆಗಳ ಅಡಿಯಿಂದಲೇ ಹರಿಸಿಕೊಂಡಿದ್ದರು. ಆ ಬೀದಿಗೆ ಇಂದಿಗೂ ‘ನೀರಿನ ಬೀದಿ’ ಎಂದೇ ಹೆಸರು, ಕಾಲುವೆಯೂ ನೆಲದ ಕೆಳಗೆ ಹಾಗೆಯೇ ಇದೆ.

ಬಣ್ಣವೇರಿದ ಉಣ್ಣೆಯನ್ನು ಹಿಂಜಿ, ಸುತ್ತಲಿನ ಹಳ್ಳಿಗಳ ಹೆಂಗಸರಿಗೆ ಕೊಟ್ಟು ನೂಲಿಸುತ್ತಿದ್ದರು. ನೂಲು ಮಗ್ಗಕ್ಕೆ ಬಂದಾಗ, ಬಟ್ಟೆಯ ಅಗಲ ಹೆಚ್ಚಾದ್ದರಿಂದ ಒಬ್ಬನ ಕೈಗೆ ಲಾಳಿ ಎಟುಕದೆ, ಇಬ್ಬರು ನೇಕಾರರು ಪಕ್ಕಪಕ್ಕದಲ್ಲಿ ಕುಳಿತು, ಒಬ್ಬನು ಎಸೆದುದನ್ನು ಇನ್ನೊಬ್ಬನು ಹಿಡಿದು ಮರಳಿ ಎಸೆಯುತ್ತ ಹಾಸಿನಲ್ಲಿ ಹೊಕ್ಕನ್ನು ಕೂಡಿಸಬೇಕಾಗಿತ್ತು. ಮಗ್ಗದಿಂದ ಇಳಿದ ಬಟ್ಟೆ ಇನ್ನೂ ಜಾಳು. ಅದನ್ನು ಜಿಡ್ಡು ಹೀರುವ ಒಂದು ಬಗೆಯ ಜೇಡಿಮಣ್ಣಿನ ನೀರಿನಲ್ಲಿ ನೆನೆಸಿ, ನೀರಿನ ಚಕ್ರದಿಂದ ಎದ್ದು ಬೀಳುವ ಮರದ ಕೊಡತಿಗಳ ಕೆಳಗೆ ಗಂಟೆಗಟ್ಟಲೆ ಬಡಿಸಿದರೆ, ಎಳೆಗಳೆಲ್ಲ ಒಂದರೊಳಗೊಂದು ಹೆಣೆದುಕೊಂಡು ಬಟ್ಟೆ ಕುಗ್ಗಿ ದಟ್ಟವಾಗುತ್ತಿತ್ತು. ಬಳಿಕ ಬಯಲಿನಲ್ಲಿ ನಿಲ್ಲಿಸಿದ ಉದ್ದನೆಯ ಚೌಕಟ್ಟುಗಳ ಕೊಕ್ಕೆಗಳಿಗೆ ಅದರ ಅಂಚುಗಳನ್ನು ಸಿಕ್ಕಿಸಿ ಎಳೆದು ಒಣಗಿಸುತ್ತಿದ್ದರು. ಏನಾಗುವುದೋ ಎಂದು ಉಸಿರು ಬಿಗಿಹಿಡಿದು ಕಾಯುವವನನ್ನು ಇಂಗ್ಲಿಷಿನಲ್ಲಿ ಆ ಕೊಕ್ಕೆಗಳ ಮೇಲೆ ಇರುವವನೆಂದು ಹೇಳುತ್ತಾರೆ. ಒಣಗುವ ಬಟ್ಟೆಯ ಬಿಗಿತವನ್ನು ದಿನವೂ ಕಂಡ ಜನರ ಬಾಯಲ್ಲಿ ಹುಟ್ಟಿದ ಮಾತು ಅದು. ಕಡೆಗೆ ಒಂದು ಜಾತಿಯ ಒಣಗಿದ ಮುಳ್ಳುಹೂವಿನ ತಲೆಗಳಿಂದ ಬಟ್ಟೆಯ ಮೈಯನ್ನು ಕೆರೆದು ನವಿರೆಬ್ಬಿಸಿ, ಭಾರಿ ಕತ್ತರಿಗಳಿಂದ ಅದನ್ನು ಸಮನಾಗಿ ಕತ್ತರಿಸಿದರೆ, ಕೈಯಿಟ್ಟರೆ ಜಾರುವಂಥ ನುಣುಪಿನ ನೀಲಿಬಟ್ಟೆ ಮಾರಾಟಕ್ಕೆ ಸಿದ್ಧವಾಗುತ್ತಿತ್ತು.

ಈ ಎಲ್ಲ ಕೈಗಳನ್ನೂ ಒಂದು ದಾರದಲ್ಲಿ ಪೋಣಿಸುತ್ತಿದ್ದವನು ಬಟ್ಟೆಯ ಸಾಹುಕಾರ. ಉಣ್ಣೆಯನ್ನು ಕೊಳ್ಳುವವನು ಅವನೇ, ಬಣ್ಣಗಾರನಿಗೂ ನೂಲುವವಳಿಗೂ ನೇಯುವವನಿಗೂ ಕೆಲಸ ಹಂಚಿ ಕೂಲಿ ಕೊಡುವವನು ಅವನೇ, ಸಿದ್ಧವಾದ ಬಟ್ಟೆಯನ್ನು ಲಂಡನ್ನಿನ ಬ್ಲ್ಯಾಕ್‌ವೆಲ್ ಹಾಲ್ ಎಂಬ ಬಟ್ಟೆಯ ಮಾರುಕಟ್ಟೆಗೆ ಸಾಗಿಸುವವನೂ ಅವನೇ. ಇಂಥ ಸಾಹುಕಾರರಲ್ಲಿ ಅಗ್ರಗಣ್ಯನೆನಿಸಿದವನು 1523ರಲ್ಲಿ ತೀರಿಕೊಂಡ ಮೂರನೆಯ ಥಾಮಸ್ ಸ್ಪ್ರಿಂಗ್. ‘ಸಿರಿವಂತ ಬಟ್ಟೆಗಾರ’ ಎಂಬ ಬಿರುದೇ ಅವನಿಗಿದ್ದಿತು. ಅವನು ತೀರಿದ ಮರುವರ್ಷ, 1524ರ ತೆರಿಗೆಯ ಪಟ್ಟಿಯಲ್ಲಿ, ಇಂಗ್ಲೆಂಡಿನ ಸಿರಿವಂತ ಊರುಗಳ ಸಾಲಿನಲ್ಲಿ ಲ್ಯಾವನಮಿಗೆ ಹದಿನಾಲ್ಕನೆಯ ಸ್ಥಾನ ದೊರೆಯಿತು. ಮಹಾಧರ್ಮಾಧ್ಯಕ್ಷರ ಪೀಠವಾದ ಯಾರ್ಕ್ ಪಟ್ಟಣಕ್ಕಿಂತಲೂ, ಲಿಂಕನ್ ಪಟ್ಟಣಕ್ಕಿಂತಲೂ ಹೆಚ್ಚಿನ ತೆರಿಗೆಯನ್ನು ಈ ಸಣ್ಣ ಊರು ಕಟ್ಟುತ್ತಿತ್ತು.

ಗೋಪುರದ ಪ್ರಶ್ನೆಗೆ ಉತ್ತರ ಇಲ್ಲಿದೆ. 1485ರಲ್ಲಿ ಬಾಸ್‌ವರ್ತ್ ಯುದ್ಧದಲ್ಲಿ ಹೆನ್ರಿ ಟ್ಯೂಡರನ ಮುಂಪಡೆಯನ್ನು ನಡೆಸಿ ಅವನಿಗೆ ಸಿಂಹಾಸನವನ್ನು ಗಳಿಸಿಕೊಟ್ಟವರಲ್ಲಿ ಪ್ರಮುಖನಾದ ಜಾನ್ ಡಿ ವೇರ್, ಎಂದರೆ ಊರಿನ ಪ್ರಭುವಾದ ಹದಿಮೂರನೆಯ ಅರ್ಲ್, ಮತ್ತು ನೂಲಿನಿಂದ ಹಣ ನೂತ ಸ್ಪ್ರಿಂಗ್ ಮನೆತನ, ಈ ಇಬ್ಬರೂ ಮುಂದೆ ನಿಂತು, ಇತರ ವರ್ತಕರ ನೆರವಿನಿಂದ, ಮುಂದಿನ ನಾಲ್ವತ್ತು ವರ್ಷಗಳಲ್ಲಿ ಸಂತ ಪೀಟರ್ ಮತ್ತು ಸಂತ ಪಾಲ್ ಇವರ ಚರ್ಚನ್ನು ಹೊಸದಾಗಿ ಕಟ್ಟಿಸಿದರು. ಥಾಮಸ್ ಸ್ಪ್ರಿಂಗ್ ತನ್ನ ಉಯಿಲಿನಲ್ಲಿ ಗೋಪುರವನ್ನು ಪೂರೈಸುವುದಕ್ಕೆಂದು 200 ಪೌಂಡುಗಳನ್ನು ಬಿಟ್ಟನು. ಒಂದೇ ಕಟ್ಟಡದಲ್ಲಿ ಪ್ರಭುಕುಲಕ್ಕೂ ವಣಿಕ್ಕುಲಕ್ಕೂ ನಡೆದ ಮೌನವಾದ ಸ್ಪರ್ಧೆಯನ್ನು ಕಲ್ಲುಗಳೇ ಹೇಳುತ್ತವೆ: ಪ್ರಭುವಿನ ಕಡೆಯದು ನಕ್ಷತ್ರ ಮತ್ತು ಕಾಡುಹಂದಿ (ವೇರ್ ಎಂಬ ಹೆಸರು ಲ್ಯಾಟಿನ್ ಭಾಷೆಯ ಹಂದಿಗೆ ಸಮೀಪವಾದುದರಿಂದ ಆದ ಶ್ಲೇಷೆ ಅದು); ವರ್ತಕನ ಕಡೆಯದು, ಹೊಸದಾಗಿ ಸಂಪಾದಿಸಿದ ವಂಶಲಾಂಛನ. ಗೋಪುರದ ನೆತ್ತಿಯ ಕೈಪಿಡಿಗೋಡೆಯ ಸುತ್ತಲೂ ಅದನ್ನು ಮತ್ತೆ ಮತ್ತೆ ಕೆತ್ತಿಸಿರುವುದನ್ನು ನೋಡಿದರೆ, ಹೊಸ ಹಣಕ್ಕೆ ತನ್ನ ಹೆಸರನ್ನು ಎಷ್ಟು ಬಾರಿ ಹೇಳಿಕೊಂಡರೂ ತೃಪ್ತಿಯಾಗದೆಂಬುದು ಆ ಕಾಲಕ್ಕೂ ನಿಜವಾಗಿತ್ತೆಂದು ತೋರುತ್ತದೆ.

ಆದರೆ ಸಾಹುಕಾರನ ಹೆಸರು ನೆತ್ತಿಯ ಮೇಲೇರುತ್ತಿದ್ದ ಆ ದಿನಗಳಲ್ಲಿಯೇ ಅದೇ ಚರ್ಚಿನ ಕೆಳಗೆ ಇನ್ನೊಂದು ಕಥೆ ನಡೆಯಿತು. 1525ರಲ್ಲಿ ಎಂಟನೆಯ ಹೆನ್ರಿ ದೊರೆಗೆ ಫ್ರಾನ್ಸಿನ ಮೇಲೆ ದಂಡೆತ್ತಿ ಹೋಗುವ ಆಸೆ ಹುಟ್ಟಿತು. ಅವನ ಮಂತ್ರಿ ಕಾರ್ಡಿನಲ್ ವುಲ್ಸಿ, ತಾನೂ ಸಫೊಕ್ ಪ್ರಾಂತದಲ್ಲಿಯೇ ಹುಟ್ಟಿದವನು, ಪಾರ್ಲಿಮೆಂಟನ್ನು ಕೇಳದೆಯೇ ಜನರ ಸೊತ್ತಿನ ಆರನೆಯ ಒಂದು ಪಾಲನ್ನೂ ಪಾದ್ರಿಗಳಿಂದ ಮೂರನೆಯ ಒಂದು ಪಾಲನ್ನೂ ಎತ್ತಹೊರಟನು. ಆ ವಸೂಲಿಗೆ ಇಟ್ಟ ಹೆಸರು ಮಾತ್ರ ‘ಸ್ನೇಹದ ಕಾಣಿಕೆ’. ಕಾಣಿಕೆ ಕೊಟ್ಟ ಮೇಲೆ ಕೂಲಿ ಕೊಡುವುದಕ್ಕೆ ನಮ್ಮಲ್ಲಿ ಹಣವಿಲ್ಲವೆಂದು ಸಾಹುಕಾರರು ನೂಲುವವರನ್ನೂ ನೇಯುವವರನ್ನೂ ಕೆಲಸದಿಂದ ಬಿಡಿಸಿದರು. ಮಗ್ಗ ನಿಂತ ಮನೆಯಲ್ಲಿ ಒಲೆಯೂ ನಿಲ್ಲುತ್ತದೆ. ಲ್ಯಾವನಮಿನಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಸಾವಿರಾರು ಜನ ಒಟ್ಟುಗೂಡಿದರು. ನಾಲ್ಕು ಸಾವಿರವೆಂದು ಒಂದು ಅಂದಾಜು. ಚರ್ಚಿನ ಗಂಟೆ ಬಾರಿಸುವುದೇ ದಂಗೆಗೆ ಸಂಕೇತವಾಗಿದ್ದಿತೆಂದೂ, ದೊರೆಯ ಕಡೆಯ ಶ್ರೀಮಂತನೊಬ್ಬನು ಮುಂಚಿತವಾಗಿಯೇ ಗಂಟೆಗಳ ನಾಲಗೆಗಳನ್ನು ಕಳಚಿಟ್ಟುದರಿಂದ ರಕ್ತಪಾತ ತಪ್ಪಿತೆಂದೂ ಊರಿನ ಐತಿಹ್ಯ.

ನಾರ್ಫೊಕ್ ಮತ್ತು ಸಫೊಕ್‌ನ ಡ್ಯೂಕರಿಬ್ಬರೂ ಸೇನೆ ಕಟ್ಟಿಕೊಂಡು ಬಂದು ಗುಂಪಿನೊಡನೆ ಮಾತಿಗೆ ನಿಂತರು. ನಿಮ್ಮ ನಾಯಕನು ಯಾರೆಂದು ನಾರ್ಫೊಕ್‌ನ ಡ್ಯೂಕನು ಕೇಳಿದಾಗ, ಜಾನ್ ಗ್ರೀನ್ ಎಂಬ ವೃದ್ಧನೊಬ್ಬನು ಮುಂದೆ ಬಂದು, ತಮ್ಮ ನಾಯಕನ ಹೆಸರು ಬಡತನವೆಂದೂ, ಈ ಕೆಲಸಕ್ಕೆ ತಮ್ಮನ್ನು ಎಳೆತಂದವರು ಅವನೂ ಅವನ ಬಂಧುವಾದ ಅಗತ್ಯವೂ ಎಂದು ಉತ್ತರ ಕೊಟ್ಟನೆಂದು ಆ ಕಾಲದ ಚರಿತ್ರಕಾರ ಎಡ್ವರ್ಡ್ ಹಾಲ್ ದಾಖಲಿಸಿದ್ದಾನೆ. ಖಡ್ಗಕ್ಕೆ ಖಡ್ಗದಿಂದ ಉತ್ತರ ಹೇಳಲು ಸಿದ್ಧರಾಗಿ ಬಂದಿದ್ದ ಡ್ಯೂಕರಲ್ಲಿ ಈ ನಾಯಕನನ್ನು ಸೆರೆಹಿಡಿಯುವ ಉಪಾಯವಿರಲಿಲ್ಲ. ಮುಖಂಡರೆಂದು ಲಂಡನ್ನಿಗೆ ಕೊಂಡೊಯ್ದವರಿಗೂ ಕಡೆಗೆ ಕ್ಷಮೆ ಸಿಕ್ಕಿತು. ದೊರೆ ಕಾಣಿಕೆಯ ಬೇಡಿಕೆಯನ್ನೇ ಕೈಬಿಟ್ಟನು. ಟ್ಯೂಡರ್ ಅರಸರ ಕಾಲದಲ್ಲಿ ಪ್ರಜೆಗಳು ತಿರುಗಿಬಿದ್ದು ಗೆದ್ದ ಅಪರೂಪದ ಸಂದರ್ಭಗಳಲ್ಲಿ ಇದೂ ಒಂದು.

ಈ ದಂಗೆಯಾದ ನಾಲ್ಕೈದು ವರ್ಷಗಳಲ್ಲಿಯೇ ಸಂತೆಯ ಚೌಕದ ಅಂಚಿನಲ್ಲಿ ಕಾರ್ಪಸ್ ಕ್ರಿಸ್ಟಿ ಶ್ರೇಣಿಯ ಸಭಾಗೃಹ ಎದ್ದಿತು. ವರ್ತಕರು ಕೂಡಿ ಪೂಜೆ, ಔತಣ, ಉತ್ಸವಗಳನ್ನು ನಡೆಸುವುದಕ್ಕೆಂದು ಕಟ್ಟಿದ ಈ ಗೃಹ ಲ್ಯಾವನಮಿನ ಮರಗೆಲಸಕ್ಕೆ ಮುಕುಟಪ್ರಾಯವಾದುದು. ಆ ಕಾಲದ ಬಡಗಿಗಳು ಓಕ್ ಮರವನ್ನು ಹಸಿಯಾಗಿರುವಾಗಲೇ ಕೊಯ್ದು ಕೆತ್ತುತ್ತಿದ್ದರು. ಒಣಗಿದ ಓಕ್ ಉಳಿಗೆ ಸುಲಭವಾಗಿ ಮಣಿಯದು. ಇಡೀ ಮನೆಯ ಚೌಕಟ್ಟನ್ನು ಮೊದಲು ಅಂಗಳದಲ್ಲಿ ನೆಲದ ಮೇಲೆ ಜೋಡಿಸಿ, ಒಂದು ತೊಲೆಯ ಮೂತಿಯನ್ನು ಇನ್ನೊಂದರ ತೂತಿನೊಳಗೆ ಕೂರಿಸಿ, ಕೂಡುವ ಎರಡು ಕಡೆಗಳಲ್ಲಿಯೂ ಒಂದೇ ರೋಮನ್ ಅಂಕಿಯನ್ನು ಉಳಿಯಿಂದ ಗೀರಿ, ಮತ್ತೆ ಬಿಚ್ಚಿ, ಮನೆಯ ಸ್ಥಳಕ್ಕೆ ಒಯ್ದು, ಅಂಕಿಗೆ ಅಂಕಿ ಕೂಡಿಸಿ, ಕಬ್ಬಿಣದ ಮೊಳೆಗಳ ಬದಲು ಓಕ್ ಮರದ ಗೂಟಗಳನ್ನು ಜಡಿದು ನಿಲ್ಲಿಸುತ್ತಿದ್ದರು. ಕಂಬಗಳ ನಡುವಣ ತೆರಪನ್ನು ಕಡ್ಡಿಯ ತಡಿಕೆಯಿಂದ ಹೆಣೆದು, ಹುಲ್ಲು ಸಗಣಿ ಕಲಸಿದ ಮಣ್ಣು ಮೆತ್ತಿ, ಮೇಲೆ ಸುಣ್ಣ ಬಳಿಯುತ್ತಿದ್ದರು. ಮನೆ ನಿಲ್ಲುವುದಕ್ಕೆ ಅಲ್ಲೊಂದು ಇಲ್ಲೊಂದು ಕಂಬವಿದ್ದರೆ ಸಾಕು. ಲ್ಯಾವನಮಿನ ಸಾಹುಕಾರರು ಗೇಣು ಗೇಣಿಗೆ ಒಂದೊಂದು ಕಂಬ ನಿಲ್ಲಿಸಿದರು. ಓಕ್ ದುಬಾರಿಯಾದ ಕಾಲದಲ್ಲಿ, ಅಗತ್ಯವಿಲ್ಲದ ಮರವನ್ನು ಗೋಡೆಯ ಮೇಲೆ ಎಲ್ಲರೂ ಎಣಿಸುವಂತೆ ಇಡುವುದೇ ಸಂಪತ್ತಿನ ಪ್ರದರ್ಶನವಾಗಿತ್ತು. ಹಸಿಮರ ನಿಂತಲ್ಲಿಯೇ ಒಣಗುತ್ತ ಬಂದಂತೆ ತಿರುಚಿತು, ಬಾಗಿತು, ಕುಗ್ಗಿತು. ಇಂದು ಪ್ರವಾಸಿಗಳು ನಿಂತು ಚಿತ್ರ ತೆಗೆಯುವ ಸೊಟ್ಟ ಮನೆಗಳ ಗುಟ್ಟು ಬಹುಮಟ್ಟಿಗೆ ಇಷ್ಟೇ.

ಸಭಾಗೃಹದ ಸುಣ್ಣ ಮಾಸುವ ಮೊದಲೇ ಕಾಲ ತಿರುಗತೊಡಗಿತು. 1540ರ ದಶಕದ ಮತಸುಧಾರಣೆಯ ಅಲೆಯಲ್ಲಿ ಇಂಥ ಶ್ರೇಣಿಗಳೆಲ್ಲ ರದ್ದಾದುವು. ಜನರ ಅಭಿರುಚಿಯೂ ಬದಲಾಯಿತು: ದಪ್ಪನೆಯ, ಭಾರವಾದ ನೀಲಿಬಟ್ಟೆಯ ಬದಲು ಹಗುರವಾದ, ಅಗ್ಗವಾದ, ಬಗೆಬಗೆಯ ಬಣ್ಣದ ಬಟ್ಟೆಗಳನ್ನು ಜಗತ್ತು ಬಯಸಿತು. ನೆದರ್ಲೆಂಡ್ಸಿನ ಮತೀಯ ಕಿರುಕುಳದಿಂದ ಓಡಿಬಂದ ನೇಕಾರರು 1560ರ ದಶಕದಿಂದ ಈಚೆಗೆ ಕೋಲ್ಚೆಸ್ಟರ್ ಪಟ್ಟಣದಲ್ಲಿ ನೆಲಸಿ, ಅಂಥ ಹೊಸ ಬಟ್ಟೆಗಳನ್ನೇ ನೇಯತೊಡಗಿದರು. ಲ್ಯಾವನಮ್ ತನ್ನ ಹಳೆಯ ಕೌಶಲವನ್ನು ಬಿಡಲಾರದೆ, ಹೊಸದನ್ನು ಬೇಗ ಹಿಡಿಯಲಾರದೆ ಹಿಂದೆ ಬಿದ್ದಿತು. ಯುದ್ಧದಲ್ಲಿ ಸೋತ ಊರಿಗೆ ಸೋತ ದಿನವೆಂಬುದೊಂದು ಇರುತ್ತದೆ. ಈ ಊರಿಗೆ ಅದೂ ಇರಲಿಲ್ಲ. ಒಂದು ಮಗ್ಗ ನಿಂತಿತು, ಮರುವರ್ಷ ಪಕ್ಕದ ಮನೆಯ ಮಗ್ಗ ನಿಂತಿತು.

ಸಿರಿವಂತರ ಸಭಾಗೃಹದ ಪಾಡನ್ನು ನೋಡಿದರೆ ಸಾಕು, ಊರಿನ ಮುಂದಿನ ಚರಿತ್ರೆಯೆಲ್ಲ ಅದರಲ್ಲಿದೆ. ಅದು ಮೊದಲು ಊರಿನ ಸಭೆಯ ಮನೆಯಾಯಿತು. ಹದಿನೇಳನೆಯ ಶತಮಾನದ ಕೊನೆಗೆ ಸೆರೆಮನೆಯಾಯಿತು. ಹದಿನೆಂಟನೆಯ ಶತಮಾನದ ಕೊನೆಗೆ ಗತಿಯಿಲ್ಲದವರನ್ನು ಇಟ್ಟು ದುಡಿಸುವ ಬಡವರ ಮನೆಯಾಯಿತು. ಉಣ್ಣೆಯ ದಾಸ್ತಾನಿನ ಕೋಠಿಯೂ ಆಯಿತು. 1525ರಲ್ಲಿ ಆ ವೃದ್ಧನು ಹೆಸರಿಸಿದ ನಾಯಕನು, ಸಾಹುಕಾರರು ಔತಣ ಮಾಡುತ್ತಿದ್ದ ಹಜಾರಕ್ಕೇ ಬಂದು ಬಿಡಾರ ಹೂಡಿದನು.

ಬೇರೆಡೆಗಳಲ್ಲಿ ಹಣ ಕೂಡಿದ ಊರುಗಳು ಹದಿನೆಂಟನೆಯ ಶತಮಾನದಲ್ಲಿ ಹಳೆಯ ಮರದ ಮನೆಗಳನ್ನು ಕಿತ್ತು ಬಿಸುಟು, ಅಂದಿನ ಮೋಸ್ತರಿನ ಇಟ್ಟಿಗೆಯ ನೇರ ಮನೆಗಳನ್ನು ಕಟ್ಟಿಕೊಂಡುವು. ಲ್ಯಾವನಮಿನವರಿಗೂ ಆ ಆಸೆ ಇರಲಿಲ್ಲವೆಂದಲ್ಲ, ಕೈಯಲ್ಲಿ ಕಾಸಿರಲಿಲ್ಲ. ಸ್ವಲ್ಪ ಅನುಕೂಲವಿದ್ದವರು ಹಳೆಯ ಮರದ ಮುಖದ ಮೇಲೆ ಗಾರೆ ಬಳಿದು ಹೊಸತರ ವೇಷ ಹಾಕಿದರು. ಇಲ್ಲದವರು ಸೊಟ್ಟ ಮನೆಯಲ್ಲಿಯೇ ಸೊಟ್ಟಗೆ ಬಾಳಿದರು. ಹೀಗೆ ಕೆಡಹುವುದಕ್ಕೂ ಕಟ್ಟುವುದಕ್ಕೂ ದುಡ್ಡಿಲ್ಲದ ಬಡತನವೇ ಒಂದು ಇಡೀ ಊರನ್ನು, ಉಪ್ಪಿನಲ್ಲಿಟ್ಟ ಮಾವಿನಕಾಯಿಯಂತೆ, ಮೂರುನೂರು ವರ್ಷಗಳ ಕಾಲ ಕೆಡದಂತೆ ಇಟ್ಟುಬಿಟ್ಟಿತು.

ಊರು ಬಡವಾಯಿತೆಂದರೆ ಬಾಳು ನಿಂತಿತೆಂದು ಅರ್ಥವಲ್ಲ. 1786ರಲ್ಲಿ ಐಸಾಕ್ ಟೇಲರ್ ಎಂಬ ಚಿತ್ರಕೊರೆಯುವ ಕಲಾವಿದನು, ಬಾಡಿಗೆ ಅಗ್ಗವಾದ ಈ ಹಳ್ಳಿಗೆ ಲಂಡನ್ನಿನಿಂದ ಸಂಸಾರಸಮೇತನಾಗಿ ಬಂದು ಶಿಲ್ಲಿಂಗ್ ಬೀದಿಯಲ್ಲಿ ನೆಲಸಿದನು. ಆಗ ಮೂರು ವರ್ಷದವಳಾಗಿದ್ದ ಅವನ ಮಗಳು ಜೇನ್ ಟೇಲರ್ 1806ರಲ್ಲಿ ಪ್ರಕಟಿಸಿದ ನಕ್ಷತ್ರದ ಮೇಲಿನ ಶಿಶುಗೀತೆಯನ್ನು, ಇಂಗ್ಲಿಷ್ ಶಾಲೆಯ ಮೆಟ್ಟಿಲು ಹತ್ತಿದ ನಮ್ಮ ಮಕ್ಕಳೆಲ್ಲರೂ ಬಾಯಿಪಾಠ ಹೇಳುತ್ತಾರೆ. ಅದು ಲ್ಯಾವನಮಿನ ಆಕಾಶದ ನಕ್ಷತ್ರವೆಂದು ಈ ಊರಿನವರೂ, ಆ ಕುಟುಂಬ ಮುಂದೆ ಹೋಗಿ ನೆಲಸಿದ ತಮ್ಮ ಊರಿನದೆಂದು ಕೋಲ್ಚೆಸ್ಟರಿನವರೂ ಹಕ್ಕು ಹೂಡುವುದುಂಟು. ಸಫೊಕ್‌ನ ಹೊಳೆ ಬಯಲುಗಳನ್ನು ಚಿತ್ರಿಸಿ ಜಗತ್ಪ್ರಸಿದ್ಧನಾದ ಜಾನ್ ಕಾನ್ಸ್‌ಟಬಲ್ ಬಾಲ್ಯದಲ್ಲಿ ಕೆಲಕಾಲ ಓದಿದ್ದೂ ಇಲ್ಲಿಯ ಶಾಲೆಯಲ್ಲಿಯೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಊರಿನ ಮಗ್ಗಗಳಿಗೆ ಕುದುರೆಯ ಬಾಲದ ಕೂದಲು ಏರಿತು. ಆ ಬಿರುಸಾದ ಬಟ್ಟೆಯನ್ನು ಕುರ್ಚಿ ಸೋಫಾಗಳಿಗೆ ಹೊದಿಸುತ್ತಿದ್ದರು. 1865ರಲ್ಲಿ ರೈಲು ಬಂದಿತು. ಅದರ ಬೆನ್ನಲ್ಲಿಯೇ ಜೇಮ್ಸ್ ಡಂಕನ್ ಎಂಬ ಉದ್ಯಮಿ, ಬೀಟ್ ಗಡ್ಡೆಯಿಂದ ಸಕ್ಕರೆ ತೆಗೆಯುವ ಕಾರ್ಖಾನೆಯನ್ನು ಇಲ್ಲಿ ಸ್ಥಾಪಿಸಿದನು. ಇಂಗ್ಲೆಂಡಿಗೆ ಆಗ ಅದು ಹೊಸ ಪ್ರಯೋಗ. ಆದರೆ ಕೆಲವೇ ವರ್ಷಗಳಲ್ಲಿ ಅದು ಮುಚ್ಚಿತು. ರೈಲೂ ನೂರು ವರ್ಷ ತುಂಬುವುದರೊಳಗೆ ಹೊರಟುಹೋಯಿತು: 1961ರಲ್ಲಿ ಪ್ರಯಾಣಿಕರಿಗೆ, 1965ರಲ್ಲಿ ಸರಕಿಗೆ. ಹಳಿ ಕಿತ್ತ ಹಾದಿಯಲ್ಲಿ ಈಗ ಜನ ಸಂಜೆ ನಾಯಿಗಳೊಡನೆ ತಿರುಗಾಡುತ್ತಾರೆ.

ತಮ್ಮ ಊರು ಏನೆಂಬುದನ್ನು ಲ್ಯಾವನಮಿನವರು ಅರಿತದ್ದು ಅದರ ಒಂದು ತುಂಡು ಕೈಬಿಟ್ಟು ಹೋದಾಗ. ಹದಿನೈದನೆಯ ಶತಮಾನದ ‘ಉಣ್ಣೆಯ ಮನೆ’ ಎಂಬ ಕಟ್ಟಡವನ್ನು 1911ರಲ್ಲಿ ಬಿಚ್ಚಿ, ಅದರ ತೊಲೆ ಕಂಬಗಳನ್ನು ಬಂಡಿಗೇರಿಸಿ, ವಿಕ್ಟೋರಿಯಾ ರಾಣಿಯ ಮಗಳಾದ ಲೂಯಿಸ್ ರಾಜಕುಮಾರಿಗಾಗಿ ಲಂಡನ್ನಿನ ಆಚೆಯ ಆಸ್ಕಟ್ಟಿಗೆ ಸಾಗಿಸಲಾಯಿತು. ಊರಿನ ಪಾದ್ರಿಯ ಮುಂದಾಳುತನದಲ್ಲಿ ಜನ ಪ್ರತಿಭಟಿಸಿದರು. ಹಳೆಯ ಕಟ್ಟಡಗಳ ರಕ್ಷಣೆಗೆ ನಿಂತಿದ್ದವರೂ ದನಿಗೂಡಿಸಿದರು. ಮರಗಳೆಲ್ಲ ಮರಳಿ ಊರಿಗೆ ಬಂದುವು. ತೊಲೆಗೆ ತೊಲೆ ಕೂಡಿ ಕಟ್ಟಡ ಹಳೆಯ ಸ್ಥಳದಲ್ಲಿಯೇ ಮತ್ತೆ ಎದ್ದಿತು. ಇಂದು ಅದು ಸ್ವಾನ್ ಎಂಬ ಹಳೆಯ ಛತ್ರದ, ಈಗಿನ ಹೋಟೆಲಿನ, ಒಂದು ಭಾಗ.

ಅದೇ ಹೋಟೆಲಿನ ಒಂದು ಗೋಡೆಯ ಮೇಲೆ ಇನ್ನೊಂದು ಬಗೆಯ ಗುರುತುಗಳಿವೆ. ಎರಡನೆಯ ಮಹಾಯುದ್ಧದಲ್ಲಿ, 1944ರಿಂದ, ಊರಾಚೆಯ ಹೊಲಗಳಲ್ಲಿ ಅಮೆರಿಕದ 487ನೆಯ ಬಾಂಬರ್ ದಳದ ವಿಮಾನ ನಿಲ್ದಾಣವಿದ್ದಿತು. ಆ ವಿಮಾನಗಳ ಹುಡುಗರು ಬಿಡುವಿನ ಸಂಜೆಗಳಲ್ಲಿ ಇಲ್ಲಿ ಕುಡಿಯುವುದಕ್ಕೆ ಬಂದು ಗೋಡೆಯ ಮೇಲೆ ತಮ್ಮ ಹೆಸರುಗಳನ್ನು ಬರೆದಿಟ್ಟರು. 1944ರ ಡಿಸೆಂಬರ್ 24ರಂದು, ಕ್ರಿಸ್ತಜಯಂತಿಯ ಹಿಂದಿನ ದಿನ, ಇಲ್ಲಿಂದ ಹಾರಿದ ವಿಮಾನವೊಂದರಲ್ಲಿ ಬ್ರಿಗೇಡಿಯರ್ ಜನರಲ್ ಫ್ರೆಡರಿಕ್ ಕ್ಯಾಸಲ್ ಮಡಿದನು. ಅವನಿಗೆ ಮರಣೋತ್ತರವಾಗಿ ಅಮೆರಿಕದ ಅತ್ಯುನ್ನತ ಶೌರ್ಯಪದಕ ಸಂದಿತು. ಗೋಡೆಯ ಹೆಸರುಗಳನ್ನು ಅಳಿಸದೆ ಕಾದಿರಿಸಿದ್ದಾರೆ.

ಯುದ್ಧದ ತರುವಾಯ 1951ರಲ್ಲಿ ಸಭಾಗೃಹ ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆಯ ವಶಕ್ಕೆ ಬಂದು ವಸ್ತುಸಂಗ್ರಹಾಲಯವಾಯಿತು. ದುಷ್ಟಶಕ್ತಿಗಳು ಹೊಗದಿರಲೆಂದು ಹಿಂದಿನವರು ಮನೆಯೊಂದರ ಮರೆಯಲ್ಲಿ ಅಡಗಿಸಿಟ್ಟಿದ್ದ, ಒಣಗಿ ಕಡ್ಡಿಯಾದ ಬೆಕ್ಕಿನ ಕಳೇಬರ ಅಲ್ಲಿಯ ಒಂದು ವಿಚಿತ್ರ. ಚೌಕದ ಇನ್ನೊಂದು ಮೂಲೆಯ ‘ಲಿಟ್ಲ್ ಹಾಲ್’ ಎಂಬ ಹಳೆಯ ಮನೆಯನ್ನು ದುರಸ್ತಿ ಮಾಡಿ ಬಾಳಿದ ಗೇಯರ್ ಆಂಡರ್ಸನ್ ಎಂಬ ಅವಳಿ ಸಹೋದರರಲ್ಲಿ ಒಬ್ಬನು ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನವಿತ್ತದ್ದೂ ಒಂದು ಬೆಕ್ಕನ್ನೇ: ಈಜಿಪ್ಟಿನ ಆ ಪ್ರಾಚೀನ ಕಂಚಿನ ಬೆಕ್ಕು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. 1960ರ ದಶಕದಲ್ಲಿ ಬೀದಿಗಳ ವಿದ್ಯುತ್ತಿನ ಮತ್ತು ಟೆಲಿಫೋನಿನ ತಂತಿಗಳನ್ನೆಲ್ಲ ನೆಲದೊಳಗೆ ಹುಗಿದು ಕಂಬಗಳನ್ನು ಕಿತ್ತರು. ಗಾರೆಯ ವೇಷ ಹಾಕಿದ್ದ ಮನೆಗಳು ಒಂದೊಂದಾಗಿ ಅದನ್ನು ಕಳಚಿ ಮರದ ಮೈಯನ್ನು ತೋರಿಸಿದುವು. ಒಂದು ಕಾಲಕ್ಕೆ ನಾಚಿಕೆಯೆಂದು ಮುಚ್ಚಿದ್ದೇ ಈಗ ಹೆಮ್ಮೆಯಾಯಿತು. ಚಲಚ್ಚಿತ್ರದವರು ಬಂದರು, ಹ್ಯಾರಿ ಪಾಟರನ ಹುಟ್ಟೂರನ್ನು ತೆರೆಯ ಮೇಲೆ ತೋರಿಸಬೇಕಾದಾಗ ಅವರಿಗೆ ಬೇಕಾದುದೂ ಈ ಮನೆಗಳ ರೂಪವೇ.

ಮಂಗಳವಾರದ ಸಂತೆ ನಿಂತು ಬಹುಕಾಲವಾಯಿತು. ರೈತರು ತಮ್ಮ ಬೆಳೆ, ಗಿಣ್ಣು, ಮಾಂಸಗಳನ್ನು ತಂದು ಮಾರುವ ಸಂತೆಯೊಂದು ಈಗ ತಿಂಗಳಿಗೊಮ್ಮೆ ಭಾನುವಾರ ಊರಿನ ಸಭಾಭವನದಲ್ಲಿ ನೆರೆಯುತ್ತದೆ. ಹಳೆಯ ಚೌಕದಲ್ಲಿ ಅಂಗಡಿಗಳ ಜಾಗದಲ್ಲಿ ಕಾರುಗಳು ನಿಲ್ಲುತ್ತವೆ. ಚಹದಂಗಡಿಗಳೂ ಕಲಾಕೃತಿಗಳ ಅಂಗಡಿಗಳೂ ಪ್ರವಾಸಿಗಳಿಂದ ಬಾಳುತ್ತವೆ. ನೇಕಾರನ ಮನೆಯೆಂದರೆ ಈಗ ನೇಕಾರನು ಕೊಳ್ಳಲಾರದ ಮನೆ. ಈ ನೆಲದಲ್ಲಿ ಹುಟ್ಟಿ ಬೆಳೆದ ಯುವಕರು ಇಲ್ಲಿಯೇ ಸಂಸಾರ ಹೂಡುವುದು ಕಷ್ಟವಾಗಿದೆ. ಬಡತನವೆಂಬ ನಾಯಕನು ಬೀದಿಗಳನ್ನು ಬಿಟ್ಟು ಹೊರಟಿದ್ದಾನೆ. ಆದರೆ ಹೊರಡುವಾಗ, ತನ್ನನ್ನು ಹಿಂಬಾಲಿಸಿದವರ ಮೊಮ್ಮಕ್ಕಳನ್ನೂ ಜೊತೆಗೆ ಕರೆದೊಯ್ಯುತ್ತಿದ್ದಾನೆ.

ಆ ಗೋಪುರದೊಳಗೆ ಇಂದು ತೂಗುತ್ತಿರುವ ಗಂಟೆಗಳಲ್ಲಿ ದೊಡ್ಡದನ್ನು ಕೋಲ್ಚೆಸ್ಟರಿನ ಮೈಲ್ಸ್ ಗ್ರೇ ಎಂಬ ಎರಕದವನು 1625ರಲ್ಲಿ ಎರೆದನು. ನಾದದಲ್ಲಿ ಇಂಗ್ಲೆಂಡಿನ ಶ್ರೇಷ್ಠ ಗಂಟೆಗಳಲ್ಲಿ ಅದೊಂದೆಂದು ಬಲ್ಲವರು ಹೇಳುತ್ತಾರೆ. ಲೆಕ್ಕ ಹಾಕಿದರೆ, ನಾಲಗೆ ಕಿತ್ತ ಗಂಟೆಗಳ ಕಥೆ ನಡೆದು ಸರಿಯಾಗಿ ನೂರು ವರ್ಷಗಳ ಮೇಲೆ, ಬಟ್ಟೆಯ ಭಾಗ್ಯ ಇಳಿಮುಖವಾಗಿದ್ದ ದಿನಗಳಲ್ಲಿ, ಮಗ್ಗ ಮುರಿದ ಆ ಊರಿನವರು ತಮ್ಮ ಗೋಪುರಕ್ಕೆ ಅದನ್ನು ಏರಿಸಿದರು. ನೀಲಿಬಟ್ಟೆಯ ಒಂದು ಮೊಳವೂ ಈಗ ಸಂತೆಯ ಚೌಕದಲ್ಲಿ ಮಾರಾಟಕ್ಕಿಲ್ಲ. ಆದರೆ ಆ ಗಂಟೆಗೆ ನಾಲಗೆ ಇದೆ, ಮತ್ತು ಅದನ್ನು ಎಳೆಯುವ ಹಗ್ಗ ಊರಿನವರ ಕೈಯಲ್ಲಿದೆ.